ಚೂರು ಬಟ್ಟೆಯ ಆನೆ

ಶಿಕ್ಷಕರ ದಿನಾಚರಣೆ, ಸೆಕೆಂಡ್ ಪಿಯುಸಿಯವರ ಬೀಳ್ಕೊಡುಗೆ, ಅಕ್ಕನ ಮದುವೆ, ತಂಗಿಯ ಹುಟ್ಟುಹಬ್ಬ, ಈದ್ ಹಬ್ಬ. ಯಾವುದು ಬಂದರೂ ನಮ್ಮ ಮುಂದೆ ಮೊದಲು ನಿಲ್ಲುವ ಪ್ರಶ್ನೆ ಒಂದೇ. ಏನು ಉಡುಗೊರೆ ಕೊಡುವುದು? ಅಂಗಡಿಗೆ ಹೋದರೆ ಇಷ್ಟವಾದದ್ದು ಕೈಗೆ ಎಟುಕುವುದಿಲ್ಲ, ಕೈಗೆ ಎಟುಕಿದ್ದು ಇಷ್ಟವಾಗುವುದಿಲ್ಲ. ಕೊನೆಗೆ ಒಂದು ಪೆನ್ನೋ, ಕಾಫಿ ಮಗ್ಗೋ ತಂದು ಬಣ್ಣದ ಕಾಗದ ಸುತ್ತಿ ಕೊಡುತ್ತೇವೆ. ನಾವೇ ಏನಾದರೂ ಮಾಡಿ ಕೊಡೋಣ ಎಂದರೆ ಕಂಜೂಸ್ ಅಂದುಕೊಳ್ಳುತ್ತಾರೇನೋ ಎಂಬ ಸಂಕೋಚ ಬೇರೆ.

ಸ್ನೇಹಿತರೇ, ಈ ಸಂಕೋಚ ಇರುವವರಿಗಾಗಿಯೇ ಈ ಸಂಚಿಕೆಯಲ್ಲಿ ಒಬ್ಬರ ಜೀವನವನ್ನು ಹೇಳುತ್ತೇನೆ. ಅವರು ತಮ್ಮ ಅಂಗಡಿಯಲ್ಲಿ ಉಳಿದ ಬಟ್ಟೆಯ ಚೂರುಗಳಿಂದ ಪುಟ್ಟ ಆನೆಗಳನ್ನು ಹೊಲಿದು ಗೆಳತಿಯರಿಗೆ ಉಡುಗೊರೆಯಾಗಿ ಕೊಟ್ಟರು. ಆ ಆನೆಯಿಂದ ಒಂದು ಕಾರ್ಖಾನೆ ಹುಟ್ಟಿತು. ಆ ಕಾರ್ಖಾನೆಯಿಂದ ಲಕ್ಷಾಂತರ ಟೆಡ್ಡಿ ಬೇರ್‌ಗಳು ಜಗತ್ತಿಗೆಲ್ಲಾ ಹೋದವು. ಆದರೆ ಆ ಆನೆಯನ್ನು ಹೊಲಿದವರಿಗೆ ಎದ್ದು ಒಂದು ಹೆಜ್ಜೆ ನಡೆಯಲೂ ಆಗುತ್ತಿರಲಿಲ್ಲ. ಅವರ ಹೆಸರು ಮಾರ್ಗರೆಟ್ ಸ್ಟೈಫ್.

ಮಾರ್ಗರೆಟ್ ಹುಟ್ಟಿದ್ದು 1847ರ ಜುಲೈ 24ರಂದು, ಈಗಿನ ಜರ್ಮನಿಯ ದಕ್ಷಿಣ ಭಾಗದಲ್ಲಿರುವ ಗೀಂಗೆನ್ ಎಂಬ ಚಿಕ್ಕ ಊರಿನಲ್ಲಿ. ಬ್ರೆಂಜ್ ಎಂಬ ನದಿಯ ದಡದಲ್ಲಿರುವ ಊರು ಅದು. ತಂದೆ ಕಟ್ಟಡ ಕಟ್ಟುವ ಕೆಲಸದವರು. ಮನೆಯಲ್ಲಿ ನಾಲ್ಕು ಮಕ್ಕಳು. ಇಬ್ಬರು ಅಕ್ಕಂದಿರು, ಆಮೇಲೆ ಮಾರ್ಗರೆಟ್, ಕೊನೆಯವನು ತಮ್ಮ ಫ್ರಿಟ್ಜ್.

ಮಗುವಿಗೆ ಒಂದೂವರೆ ವರ್ಷವಾಗಿದ್ದಾಗ ಜೋರು ಜ್ವರ ಬಂತು. ಜ್ವರ ಇಳಿದ ಮೇಲೆ ಎರಡೂ ಕಾಲುಗಳು ಅಲುಗಾಡಲಿಲ್ಲ. ಬಲಗೈಯಲ್ಲೂ ಶಕ್ತಿ ಹೋಗಿತ್ತು, ಎತ್ತಿದರೆ ನೋವು. ಅದು ಪೋಲಿಯೊ. ಆ ಕಾಲದಲ್ಲಿ ಅದಕ್ಕೆ ಔಷಧವಿರಲಿಲ್ಲ, ಲಸಿಕೆಯೂ ಇರಲಿಲ್ಲ. ಪೋಲಿಯೊ ಲಸಿಕೆ ಜನರ ಕೈಗೆ ಸಿಕ್ಕಿದ್ದು ನೂರು ವರ್ಷಗಳ ನಂತರ, 1955ರಲ್ಲಿ. ನಾವು ಚಿಕ್ಕವರಿದ್ದಾಗ ಬಾಯಿಗೆ ಹಾಕಿದ ಆ ಎರಡು ಹನಿಯ ಬೆಲೆ ಇಂಥ ಜೀವನಗಳನ್ನು ಓದಿದಾಗ ಗೊತ್ತಾಗುತ್ತದೆ.

ಕಾಲಿಲ್ಲದ ಹೆಣ್ಣುಮಗಳ ಮುಂದಿನ ಬದುಕು ಹೇಗೆ ಎಂಬ ಚಿಂತೆ ತಾಯಿತಂದೆಗೆ ಹಿಡಿಯಿತು. ಆ ಕಾಲದಲ್ಲಿ ಹೆಣ್ಣಿಗೆ ಮದುವೆಯೇ ದಾರಿ. ಅದು ಆಗದಿದ್ದರೆ ಒಡಹುಟ್ಟಿದವರ ಮನೆಯಲ್ಲಿ ಒಂದು ಮೂಲೆ, ಅವರು ಹಾಕಿದ ಊಟ. ಮಾರ್ಗರೆಟ್ ಮುಂದೆ ಇದ್ದದ್ದು ಆ ಮೂಲೆಯೇ.

ಆದರೆ ಹುಡುಗಿ ಮೂಲೆಯಲ್ಲಿ ಕೂರುವವಳಾಗಿರಲಿಲ್ಲ. ಮನೆಯವರು ಆಕೆಯನ್ನು ಒಂದು ಸಣ್ಣ ಕೈಗಾಡಿಯಲ್ಲಿ ಕೂರಿಸಿ ಬೀದಿಗೆ ತರುತ್ತಿದ್ದರು. ಬೀದಿಯ ಮಕ್ಕಳೆಲ್ಲ ಆ ಗಾಡಿಯ ಸುತ್ತ ಸೇರುತ್ತಿದ್ದರು. ಮಾರ್ಗರೆಟ್ ಕೂತಲ್ಲಿಂದಲೇ ಹೊಸ ಹೊಸ ಆಟಗಳನ್ನು ಹೇಳಿಕೊಡುತ್ತಿದ್ದಳು, ಕಥೆ ಹೇಳುತ್ತಿದ್ದಳು. ಅಕ್ಕಪಕ್ಕದ ಮನೆಯ ತಾಯಂದಿರು ಕೆಲಸಕ್ಕೆ ಹೋಗುವಾಗ ತಮ್ಮ ಪುಟ್ಟ ಮಕ್ಕಳನ್ನು ಆಕೆಯ ಬಳಿ ಬಿಟ್ಟು ಹೋಗುತ್ತಿದ್ದರು. ಯಾರನ್ನು ಬೇರೆಯವರು ನೋಡಿಕೊಳ್ಳಬೇಕೋ ಆ ಹುಡುಗಿಯೇ ಬೇರೆಯವರ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು.

ಓದಬೇಕೆಂಬ ಆಸೆಯೂ ಇತ್ತು. ಒಡಹುಟ್ಟಿದವರೋ ನೆರೆಯ ಮಕ್ಕಳೋ ಗಾಡಿ ಎಳೆದು ಶಾಲೆಯವರೆಗೆ ತಲುಪಿಸುತ್ತಿದ್ದರು. ಶಾಲೆಯ ಹತ್ತಿರ ವಾಸವಿದ್ದ ಒಬ್ಬ ಹೆಂಗಸು ಆಕೆಯನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿಸಿ ತರಗತಿಯಲ್ಲಿ ಕೂರಿಸುತ್ತಿದ್ದರು. ಲಿಫ್ಟ್ ಇಲ್ಲ, ರ‍್ಯಾಂಪ್ ಇಲ್ಲ. ಇಷ್ಟು ಜನರ ಕೈ ಸೇರಿದಾಗ ಒಂದು ಹುಡುಗಿಯ ಒಂದು ದಿನದ ಹಾಜರಿ ಬೀಳುತ್ತಿತ್ತು. ಸುಮ್ಮನೆ ಕ್ಲಾಸಿಗೆ ಚಕ್ಕರ್ ಹೊಡೆಯುವ ನಮ್ಮಂಥವರು ಇದನ್ನು ಸ್ವಲ್ಪ ಯೋಚಿಸಬೇಕು.

ಒಂಬತ್ತನೇ ವಯಸ್ಸಿನಲ್ಲಿ, 1856ರಲ್ಲಿ, ಮಗಳನ್ನು ಚಿಕಿತ್ಸೆಗೆಂದು ಲುಡ್ವಿಗ್ಸ್‌ಬರ್ಗ್ ಎಂಬ ಊರಿಗೆ ಕಳಿಸಿದರು. ಅಲ್ಲಿ ಕಾಲಿಗೆ ಶಸ್ತ್ರಚಿಕಿತ್ಸೆ ಆಯಿತು. ಆಮೇಲೆ ಬಿಸಿನೀರಿನ ಬುಗ್ಗೆಗಳಿರುವ ಊರಿನಲ್ಲಿ ಆರೈಕೆಯೂ ನಡೆಯಿತು. ಯಾವುದರಿಂದಲೂ ಪ್ರಯೋಜನವಾಗಲಿಲ್ಲ. ತಾಯಿತಂದೆ ವರ್ಷಗಟ್ಟಲೆ ಹುಡುಕಾಟ ಬಿಡಲಿಲ್ಲ. ಆದರೆ ಹದಿನೇಳರ ಸುಮಾರಿಗೆ ಮಾರ್ಗರೆಟ್ ತಾನೇ ಒಂದು ನಿರ್ಧಾರಕ್ಕೆ ಬಂದಳು. ತಾನು ನಡೆಯುವುದಿಲ್ಲ ಎಂಬುದನ್ನು ಒಪ್ಪಿಕೊಂಡು, ಗುಣವಾಗುವ ದಿನಕ್ಕಾಗಿ ಕಾಯುತ್ತಾ ಕೂರುವ ಬದಲು ಇರುವ ಕೈಯಿಂದ ಏನು ಮಾಡಬಹುದೋ ಅದನ್ನು ಮಾಡಬೇಕು ಎಂದುಕೊಂಡಳು. ನಮ್ಮ ತರಗತಿಯಲ್ಲಿ ಎಲ್ಲರಿಗೂ ಈಗ ಅದೇ ವಯಸ್ಸು. ಆ ವಯಸ್ಸಿನಲ್ಲಿ ಅಷ್ಟು ದೊಡ್ಡ ಮಾತನ್ನು ತನಗೆ ತಾನೇ ಹೇಳಿಕೊಳ್ಳಲು ಎಷ್ಟು ಧೈರ್ಯ ಬೇಕು ಎಂದು ನನಗೆ ಆಗಾಗ ಅನ್ನಿಸುತ್ತದೆ.

ಇರುವ ಕೈ ಎಂದರೂ ಅದು ಸರಿಯಾದ ಕೈ ಆಗಿರಲಿಲ್ಲ. ಮಾರ್ಗರೆಟ್ ಹಟ ಹಿಡಿದು ಹೊಲಿಗೆ ಶಾಲೆಗೆ ಸೇರಿದ್ದಳು. ಬಲಗೈ ನೋಯುತ್ತಿತ್ತು, ಮೊದಮೊದಲು ಹೊಲಿಗೆ ನೆಟ್ಟಗೆ ಬರುತ್ತಿರಲಿಲ್ಲ. ಆದರೂ ಬಿಡಲಿಲ್ಲ. ಹದಿನೇಳು ತುಂಬುವ ಹೊತ್ತಿಗೆ ಕಲಿಕೆ ಮುಗಿಸಿ ಒಳ್ಳೆಯ ಹೊಲಿಗೆಯವಳಾಗಿದ್ದಳು. ಅಕ್ಕಂದಿರು ಹೆಂಗಸರ ಬಟ್ಟೆ ಹೊಲಿಯುವ ಕೆಲಸ ಶುರು ಮಾಡಿದ್ದರು, ಅವರ ಜೊತೆ ಸೇರಿಕೊಂಡಳು. ಇದರ ಜೊತೆಗೆ ಜಿಥರ್ ಎಂಬ ತಂತಿವಾದ್ಯವನ್ನು ಕಲಿತು, ಬೇರೆಯವರಿಗೆ ಪಾಠ ಹೇಳಿ ಸ್ವಲ್ಪ ಹಣ ಸಂಪಾದಿಸಿದಳು.

ಮುಂದೆ ಮನೆಗೆ ಹೊಲಿಗೆ ಯಂತ್ರ ಬಂತು. ಆ ಊರಿಗೇ ಅದು ಮೊದಲ ಹೊಲಿಗೆ ಯಂತ್ರ ಎಂದು ಹೇಳುತ್ತಾರೆ. ನಮ್ಮ ಮನೆಗಳಲ್ಲಿ ಅಮ್ಮಿಯ ಮಿಷನ್ ನೋಡಿರುತ್ತೀರಿ. ತಿರುಗಿಸುವ ಚಕ್ರ ಬಲಗಡೆ ಇರುತ್ತದೆ. ಕಾಲಿನಿಂದ ತುಳಿಯಲು ಮಾರ್ಗರೆಟ್‌ಗೆ ಆಗದು, ಬಲಗೈಯಿಂದ ಚಕ್ರ ತಿರುಗಿಸಲೂ ಆಗದು. ಬೇರೆಯವರಾಗಿದ್ದರೆ ಇದು ನನಗಲ್ಲ ಎಂದು ಬಿಡುತ್ತಿದ್ದರು. ಮಾರ್ಗರೆಟ್ ಮಾಡಿದ್ದು ಬಹಳ ಸರಳ. ಯಂತ್ರವನ್ನೇ ಹಿಂದುಮುಂದಾಗಿ ತಿರುಗಿಸಿಟ್ಟರು. ಆಗ ಚಕ್ರ ಎಡಗಡೆಗೆ ಬಂತು. ಎಡಗೈಯಿಂದ ಚಕ್ರ ತಿರುಗಿಸುತ್ತಾ ಹೊಲಿಯತೊಡಗಿದರು.

ಅಕ್ಕಂದಿರು ಮದುವೆಯಾಗಿ ಹೋದರು. 1874ರಲ್ಲಿ ತಂದೆ ಮನೆಯನ್ನು ಸರಿಪಡಿಸಿ ಮಗಳಿಗೆ ಹೊಲಿಗೆಗೆಂದೇ ಒಂದು ಕೋಣೆ ಮಾಡಿಕೊಟ್ಟರು. ಊರಿನಲ್ಲಿ ಅವರ ಸಂಬಂಧಿಕರ ಫೆಲ್ಟ್ ಕಾರ್ಖಾನೆ ಇತ್ತು. ಫೆಲ್ಟ್ ಎಂದರೆ ಉಣ್ಣೆಯ ಬಟ್ಟೆಯೇ, ಆದರೆ ಕಂಬಳಿಯ ಹಾಗೆ ಮಗ್ಗದಲ್ಲಿ ನೇಯ್ದದ್ದಲ್ಲ. ಉಣ್ಣೆಯ ಎಳೆಗಳಿಗೆ ಬಿಸಿ, ತೇವ ಮತ್ತು ಒತ್ತಡ ಕೊಟ್ಟು ಒಂದಕ್ಕೊಂದು ಅಂಟುವಂತೆ ಮಾಡಿದ ದಪ್ಪ ಹಾಳೆ ಅದು. ಕತ್ತರಿಸಿದರೆ ಅಂಚಿನಿಂದ ದಾರ ಬಿಚ್ಚಿಕೊಳ್ಳುವುದಿಲ್ಲ, ಅಂಚು ಮಡಚಿ ಹೊಲಿಯುವ ಕೆಲಸವೇ ಇಲ್ಲ. 1877ರಲ್ಲಿ ಮಾರ್ಗರೆಟ್ ಫೆಲ್ಟ್ ಉಡುಪುಗಳ ಅಂಗಡಿ ತೆರೆದರು. ಹೆಂಗಸರ ಒಳಲಂಗ, ಮಕ್ಕಳ ಕೋಟು ಇಂಥವು ಅಲ್ಲಿ ಸಿದ್ಧವಾಗುತ್ತಿದ್ದವು. ಬೇಡಿಕೆ ಹೆಚ್ಚಿದ ಹಾಗೆ ಕೆಲಸಕ್ಕೆ ಹೆಣ್ಣುಮಕ್ಕಳನ್ನು ಇಟ್ಟುಕೊಂಡರು. ಯಾರ ಹಂಗಿನಲ್ಲಿ ಬದುಕಬೇಕೋ ಎಂದು ಮನೆಯವರು ಹೆದರಿದ್ದ ಮಗಳು ಮೂವತ್ತನೇ ವಯಸ್ಸಿಗೆ ನಾಲ್ಕು ಜನರಿಗೆ ಸಂಬಳ ಕೊಡುವವರಾದರು.

ಇನ್ನು ಆನೆಯ ವಿಷಯಕ್ಕೆ ಬರೋಣ. 1879ರ ಡಿಸೆಂಬರ್‌ನಲ್ಲಿ ಒಂದು ಫ್ಯಾಷನ್ ಪತ್ರಿಕೆಯಲ್ಲಿ ಬಟ್ಟೆಯ ಆನೆ ಮಾಡುವ ನಮೂನೆ ಅಚ್ಚಾಗಿತ್ತು. ಮಾರ್ಗರೆಟ್ ಅದನ್ನು ನೋಡಿ, ಫೆಲ್ಟ್ ಚೂರುಗಳಿಂದ ಕೆಲವು ಪುಟ್ಟ ಆನೆಗಳನ್ನು ಹೊಲಿದರು. ಹೊಟ್ಟೆಗೆ ಮೆತ್ತನೆಯ ಉಣ್ಣೆ ತುಂಬಿದರು. ಅವು ಆಟಿಕೆಗಳಾಗಿರಲಿಲ್ಲ. ಹೊಲಿಗೆ ಮಾಡುವಾಗ ಸೂಜಿ, ಗುಂಡುಪಿನ್ನುಗಳನ್ನು ಚುಚ್ಚಿಡುವ ಪಿನ್ ಕುಶನ್‌ಗಳು. ಅವನ್ನು ಪರಿಚಯದ ಹೆಂಗಸರಿಗೆ, ಗೆಳತಿಯರಿಗೆ ಉಡುಗೊರೆಯಾಗಿ ಕೊಟ್ಟರು. ಆ ಉಡುಗೊರೆಗೆ ಆದ ಖರ್ಚು ಎಷ್ಟು? ಬಟ್ಟೆ ಚೂರು ಅಂಗಡಿಯಲ್ಲೇ ಬಿದ್ದಿತ್ತು. ನಮ್ಮ ಮನೆಗಳಲ್ಲಿ ಕತ್ರನ್ ಎಂದು ಮೂಟೆ ಕಟ್ಟಿ ಇಡುತ್ತಾರಲ್ಲ, ಅಂಥದ್ದೇ. ಖರ್ಚಾದದ್ದು ಸಮಯ ಮತ್ತು ನೋಯುವ ಒಂದು ಕೈಯ ಶ್ರಮ.

ಆದರೆ ಉಡುಗೊರೆ ಪಡೆದವರ ಮನೆಗಳಲ್ಲಿ ಆ ಆನೆಗಳಿಗೆ ಸೂಜಿ ಚುಚ್ಚಿಸಿಕೊಳ್ಳುವ ಕೆಲಸ ಹೆಚ್ಚು ದಿನ ಉಳಿಯಲಿಲ್ಲ. ಮಕ್ಕಳು ಅವನ್ನು ಎತ್ತಿಕೊಂಡು ಓಡಿದರು. ಆ ಕಾಲದ ಗೊಂಬೆಗಳು ಹೆಚ್ಚಾಗಿ ಮರದವು, ತಗಡಿನವು ಅಥವಾ ಪಿಂಗಾಣಿಯವು. ಅಪ್ಪಿಕೊಂಡರೆ ಚುಚ್ಚುತ್ತವೆ, ಬಿದ್ದರೆ ಒಡೆಯುತ್ತವೆ. ಈ ಆನೆ ಮೆತ್ತಗಿತ್ತು. ಮಲಗುವಾಗ ಪಕ್ಕದಲ್ಲಿ ಇಟ್ಟುಕೊಳ್ಳಬಹುದಿತ್ತು. ನಮಗೂ ಒಂದು ಬೇಕು ಎಂದು ಜನ ಕೇಳಲು ಬಂದರು.

ಬಿಸಿನೆಸ್ ಸ್ಟಡೀಸ್ ಪುಸ್ತಕದಲ್ಲಿ ಗ್ರಾಹಕರ ಅಗತ್ಯವನ್ನು ತಿಳಿದು ಸರಕು ತಯಾರಿಸಬೇಕು ಎಂದು ನಾವು ಓದುತ್ತೇವೆ. ಮಾರ್ಗರೆಟ್ ಯಾವ ಸಮೀಕ್ಷೆಯನ್ನೂ ಮಾಡಿರಲಿಲ್ಲ. ಉಡುಗೊರೆ ಕೊಟ್ಟು, ಕೊಟ್ಟ ವಸ್ತು ಆ ಮನೆಗಳಲ್ಲಿ ಏನಾಯಿತು ಎಂದು ಗಮನಿಸಿದರು, ಅಷ್ಟೇ. ತಮ್ಮ ಫ್ರಿಟ್ಜ್ ಒಂದು ಚೀಲದ ತುಂಬ ಆನೆಗಳನ್ನು ಹಾಕಿಕೊಂಡು ಪಕ್ಕದ ಹೈಡೆನ್‌ಹೈಮ್ ಊರಿನ ಸಂತೆಗೆ ಹೋದರು. ಎಲ್ಲವೂ ಮಾರಾಟವಾದವು. 1886ರ ಹೊತ್ತಿಗೆ 5,000ಕ್ಕೂ ಹೆಚ್ಚು ಆನೆಗಳು ಮಾರಾಟವಾಗಿದ್ದವು.

ಆನೆಯ ಹಿಂದೆಯೇ ಮಂಗ, ಕತ್ತೆ, ಕುದುರೆ, ಒಂಟೆ, ನಾಯಿ, ಬೆಕ್ಕು, ಇಲಿ, ಮೊಲ, ಜಿರಾಫೆ ಎಲ್ಲ ಬಂದವು. 1889ರ ಸುಮಾರಿಗೆ ಫ್ರಿಟ್ಜ್ ಅಕ್ಕನಿಗಾಗಿ ಹೊಸ ಕಟ್ಟಡ ಕಟ್ಟಿಸಿದರು. ಕೆಳಗೆ ಅಂಗಡಿ, ಜೊತೆಗೆ ವಾಸದ ಮನೆ. ಗಾಲಿಕುರ್ಚಿ ಹೋಗಿ ಬರಲು ಅನುಕೂಲವಾಗಲಿ ಎಂದು ಇಳಿಜಾರಿನ ದಾರಿಯನ್ನೂ ಮಾಡಿಸಿದ್ದರು. 1893ರಲ್ಲಿ ಮಾರ್ಗರೆಟ್ ಸ್ಟೈಫ್ ಫೆಲ್ಟ್ ಆಟಿಕೆ ಕಾರ್ಖಾನೆ ಎಂದು ಅವರದೇ ಹೆಸರಿನಲ್ಲಿ ಸಂಸ್ಥೆ ನೋಂದಣಿಯಾಯಿತು. ಹೆಣ್ಣುಮಗಳೊಬ್ಬಳ ಹೆಸರು ಕಾರ್ಖಾನೆಯ ಮೇಲೆ ಬರುವುದು ಆಗ ಅಪರೂಪ.

ಫ್ರಿಟ್ಜ್ ಅವರ ಮಕ್ಕಳು ಒಬ್ಬೊಬ್ಬರಾಗಿ ಅತ್ತೆಯ ಕೆಲಸಕ್ಕೆ ಸೇರಿದರು. ಅವರಲ್ಲಿ ರಿಚರ್ಡ್ ಕಲಾಶಾಲೆಯಲ್ಲಿ ಓದಿದವರು. ಸ್ಟಟ್‌ಗಾರ್ಟ್ ನಗರದ ಮೃಗಾಲಯಕ್ಕೆ ಹೋಗಿ ಕರಡಿಗಳನ್ನು ನೋಡುತ್ತಾ ಚಿತ್ರ ಬರೆಯುತ್ತಿದ್ದರು. 1902ರಲ್ಲಿ ಅವರು ಕೈಕಾಲು ಆಡಿಸಬಹುದಾದ, ಮೈತುಂಬ ರೋಮವಿರುವ ಬಟ್ಟೆಯ ಕರಡಿಯೊಂದನ್ನು ರೂಪಿಸಿದರು. ಅತ್ತೆಗೆ ಇದು ಮಾರಾಟವಾಗುತ್ತದೋ ಇಲ್ಲವೋ ಎಂಬ ಅನುಮಾನವಿತ್ತು. ಆದರೂ ಅಡ್ಡಿ ಮಾಡಲಿಲ್ಲ. 1903ರಲ್ಲಿ ಲೈಪ್‌ಜಿಗ್ ನಗರದ ಮೇಳದಲ್ಲಿ ಕರಡಿಯನ್ನು ಇಟ್ಟರು. ಯಾರೂ ಹೆಚ್ಚು ಗಮನ ಕೊಡಲಿಲ್ಲ. ಮೇಳ ಮುಗಿಯುವ ಹೊತ್ತಿಗೆ ಅಮೆರಿಕದ ಒಬ್ಬ ವ್ಯಾಪಾರಿ ಬಂದು ಒಂದೇ ಸಲಕ್ಕೆ 3,000 ಕರಡಿಗಳಿಗೆ ಆರ್ಡರ್ ಕೊಟ್ಟರು.

ಅದೇ ಕಾಲದಲ್ಲಿ ಅಮೆರಿಕದಲ್ಲಿ ಇನ್ನೊಂದು ಸಂಗತಿ ನಡೆದಿತ್ತು. ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ 1902ರಲ್ಲಿ ಬೇಟೆಗೆ ಹೋಗಿದ್ದಾಗ, ಕಟ್ಟಿಹಾಕಿದ ಕರಡಿಯನ್ನು ಗುಂಡಿಟ್ಟು ಕೊಲ್ಲಲು ಒಪ್ಪಲಿಲ್ಲ. ಪತ್ರಿಕೆಯಲ್ಲಿ ಅದರ ವ್ಯಂಗ್ಯಚಿತ್ರ ಬಂತು. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಅಂಗಡಿ ಇಟ್ಟಿದ್ದ ಮೋರಿಸ್ ಮಿಚ್‌ಟಮ್ ಮತ್ತು ಅವರ ಹೆಂಡತಿ ರೋಸ್ ಅದನ್ನು ನೋಡಿ ತಾವೂ ಒಂದು ಬಟ್ಟೆಯ ಕರಡಿ ಹೊಲಿದರು. ರೂಸ್‌ವೆಲ್ಟ್ ಅವರ ಅಡ್ಡಹೆಸರು ಟೆಡ್ಡಿ. ಅದರಿಂದ ಈ ಕರಡಿಗಳಿಗೆಲ್ಲ ಟೆಡ್ಡಿ ಬೇರ್ ಎಂಬ ಹೆಸರು ಅಂಟಿಕೊಂಡಿತು. ಸಮುದ್ರದ ಆಚೆ ಒಂದು ಮನೆ, ಈಚೆ ಒಂದು ಮನೆ, ಎರಡೂ ಕಡೆ ಸೂಜಿ ದಾರದಿಂದಲೇ ಶುರು.

ಸಂಸ್ಥೆ ಬೆಳೆಯಿತು. 1903ರಲ್ಲಿ ಗೀಂಗೆನ್‌ನಲ್ಲಿ ಉಕ್ಕಿನ ಚೌಕಟ್ಟಿಗೆ ಗಾಜಿನ ಗೋಡೆಗಳಿರುವ ಕಾರ್ಖಾನೆ ಎದ್ದಿತು. ಹೊಲಿಯುವವರ ಕಣ್ಣಿಗೆ ಬೆಳಕು ಸಾಕಷ್ಟು ಸಿಗಲಿ ಎಂದು ಗಾಜು ಹಾಕಿದ್ದರು. 1904ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ವಿಶ್ವಮೇಳದಲ್ಲಿ 12,000 ಕರಡಿಗಳು ಮಾರಾಟವಾದವು. 1907ರ ಒಂದೇ ವರ್ಷದಲ್ಲಿ ತಯಾರಾದ ಕರಡಿಗಳು ಸುಮಾರು 9,74,000. ಆಗ ಕಾರ್ಖಾನೆಯಲ್ಲಿ 400 ಜನ ಕೆಲಸಗಾರರಿದ್ದರು. ಮನೆಯಲ್ಲೇ ಕೂತು ಹೊಲಿದು ಕೊಡುವವರು 1,800 ಜನ.

ಇಷ್ಟು ದೊಡ್ಡದಾದ ಮೇಲೆ ನಕಲು ಮಾಡುವವರೂ ಬಂದರು. ಆಗ ಇನ್ನೊಬ್ಬ ಸೋದರಳಿಯ ಫ್ರಾಂಜ್ ಒಂದು ಉಪಾಯ ಹೇಳಿದರು. ಪ್ರತಿ ಪ್ರಾಣಿಯ ಕಿವಿಗೆ ಲೋಹದ ಒಂದು ಪುಟ್ಟ ಗುಂಡಿ ಹಾಕುವುದು. 1904ರಿಂದ ಆ ಗುಂಡಿ ಬಂತು, ಅದನ್ನು ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸಿದರು. ನಾವು ಬ್ರ್ಯಾಂಡ್, ಟ್ರೇಡ್‌ಮಾರ್ಕ್ ಎಂದು ಪರೀಕ್ಷೆಗೆ ಬಾಯಿಪಾಠ ಮಾಡುವ ವಿಷಯವೇ ಇದು. ಅಸಲಿಗೂ ನಕಲಿಗೂ ಇರುವ ವ್ಯತ್ಯಾಸವನ್ನು ಒಂದು ಗುಂಡಿ ಹೇಳುತ್ತಿತ್ತು. ಮೊಟ್ಟಮೊದಲ ಆ ಗುಂಡಿಗಳ ಮೇಲೆ ಒತ್ತಿದ ಚಿತ್ರ ಕರಡಿಯದ್ದಲ್ಲ, ಆನೆಯದ್ದು.

ಆದರೆ ಗುಂಡಿಯಿಂದ ಮಾತ್ರ ಹೆಸರು ಉಳಿಯಲಿಲ್ಲ. ಹೊಸ ಆಟಿಕೆಯ ಮಾದರಿ ಸಿದ್ಧವಾದರೆ ಮಾರ್ಗರೆಟ್ ತಾವೇ ಅದನ್ನು ಪರೀಕ್ಷಿಸುತ್ತಿದ್ದರು. ಅವರು ಒಪ್ಪಿದ ಮೇಲೆಯೇ ಅದು ತಯಾರಿಕೆಗೆ ಹೋಗುತ್ತಿತ್ತು. ಮಕ್ಕಳಿಗೆ ಕೊಡುವ ವಸ್ತು ಅತ್ಯುತ್ತಮವಾಗಿಯೇ ಇರಬೇಕು ಎಂಬುದು ಅವರ ನಿಯಮ. ಗೆಳತಿಗೆ ಕೊಡುವ ಒಂದು ಆನೆಯನ್ನು ಹೊಲಿದಾಗ ಇದ್ದ ಶ್ರದ್ಧೆ, ಅಪರಿಚಿತ ಮಗುವಿಗಾಗಿ ಲಕ್ಷಗಟ್ಟಲೆ ಕರಡಿ ಹೊಲಿಸಿದಾಗಲೂ ಇತ್ತು.

1909ರ ಮೇ 9ರಂದು ನ್ಯುಮೋನಿಯಾದಿಂದ ಮಾರ್ಗರೆಟ್ ಸ್ಟೈಫ್ ತೀರಿಕೊಂಡರು. ಆಗ ಅವರಿಗೆ 61 ವರ್ಷ. ಮದುವೆಯಾಗಿರಲಿಲ್ಲ, ಸ್ವಂತ ಮಕ್ಕಳಿರಲಿಲ್ಲ. ಸೋದರಳಿಯಂದಿರು ಕೆಲಸ ಮುಂದುವರಿಸಿದರು. ಗೀಂಗೆನ್‌ನಲ್ಲಿ ಆ ಸಂಸ್ಥೆ ಇಂದಿಗೂ ಇದೆ.

ಈ ಜೀವನವನ್ನು ಓದಿ ಮುಗಿಸಿದಾಗ ನನ್ನ ಮನಸ್ಸಿನಲ್ಲಿ ಉಳಿದದ್ದು 9,74,000 ಎಂಬ ಸಂಖ್ಯೆಯಲ್ಲ, ಮೊದಲ ಕೆಲವು ಆನೆಗಳು. ಚಿಕ್ಕಂದಿನಿಂದ ಆಕೆಯನ್ನು ಬೇರೆಯವರು ಎತ್ತಿಕೊಂಡು ಹೋಗುತ್ತಿದ್ದರು, ಗಾಡಿ ಎಳೆಯುತ್ತಿದ್ದರು, ಮರುಕ ಪಡುತ್ತಿದ್ದರು. ಪಡೆಯುವವಳಾಗಿಯೇ ಉಳಿಯಬೇಕಿದ್ದ ಹೆಣ್ಣುಮಗಳು ಸೂಜಿ ಹಿಡಿದು ಕೊಡುವವಳಾದಳು. ಕೊಟ್ಟದ್ದು ಚೂರು ಬಟ್ಟೆಯೇ. ಆದರೆ ಅದನ್ನು ಪಡೆದವರು ಯಾರೂ ಕಂಜೂಸ್ ಅನ್ನಲಿಲ್ಲ, ಇನ್ನೊಂದು ಬೇಕು ಎಂದರು. ಏಕೆಂದರೆ ಅದರಲ್ಲಿ ಕಡಿಮೆ ಇದ್ದದ್ದು ಖರ್ಚು ಮಾತ್ರ, ಕೆಲಸ ಕಡಿಮೆ ಇರಲಿಲ್ಲ. ನಾವು ಕೈಯಲ್ಲಿ ಮಾಡಿದ ಉಡುಗೊರೆಗೆ ನಾಚುವುದು ಬಹುಶಃ ಹಿಂದಿನ ರಾತ್ರಿ ಹತ್ತು ಗಂಟೆಗೆ ಫೆವಿಕಾಲ್ ಹಚ್ಚಿ ಹೇಗೋ ಮುಗಿಸುವುದರಿಂದ ಇರಬೇಕು.

ಮಾಡಿ ನೋಡುವ ಮನಸ್ಸಿದ್ದರೆ ಆನೆ ಕಷ್ಟವಲ್ಲ. ದಪ್ಪ ಕಾಗದದ ಮೇಲೆ ಸೊಂಡಿಲು, ಕಾಲು ಸೇರಿದಂತೆ ಪಕ್ಕದಿಂದ ಕಾಣುವ ಆನೆಯ ಆಕಾರ ಬರೆದು ಕತ್ತರಿಸಿಕೊಳ್ಳಿ. ಅಂಗೈ ಅಗಲ ಇದ್ದರೆ ಸಾಕು. ಅದನ್ನಿಟ್ಟು ಬಟ್ಟೆಯಲ್ಲಿ ಎರಡು ತುಂಡು ಕತ್ತರಿಸಿ. ಆನೆ ತಾನಾಗಿ ನಿಲ್ಲಬೇಕಾದರೆ ಹೊಟ್ಟೆ ಮತ್ತು ಕಾಲಿನ ಒಳಭಾಗಕ್ಕೆ ಇನ್ನೊಂದು ಜೋಡಿ ತುಂಡು ಬೇಕು. ಅದು ಬೇಡವೆಂದರೆ ಚಪ್ಪಟೆ ಆನೆಯೂ ಚೆನ್ನಾಗಿಯೇ ಕಾಣುತ್ತದೆ. ಫೆಲ್ಟ್ ಹಾಳೆ ಸ್ಟೇಷನರಿ ಅಂಗಡಿಗಳಲ್ಲಿ ಸಿಗುತ್ತದೆ. ಅದೂ ಬೇಡವೆಂದರೆ ಹಳೆಯ ಉಣ್ಣೆಯ ಸ್ವೆಟರ್ ಒಂದನ್ನು ಬಿಸಿನೀರು, ಸೋಪು ಹಾಕಿ ಚೆನ್ನಾಗಿ ಉಜ್ಜಿ ತೊಳೆಯಿರಿ. ಅದು ಕುಗ್ಗಿ ಗಟ್ಟಿಯಾಗಿ ಫೆಲ್ಟ್‌ನಂತೆಯೇ ಆಗುತ್ತದೆ. ಆದರೆ ನಿಜವಾದ ಉಣ್ಣೆಯೇ ಆಗಿರಬೇಕು, ಅಕ್ರಿಲಿಕ್ ಸ್ವೆಟರ್ ಹಾಗೆ ಆಗುವುದಿಲ್ಲ. ಮನೆಯಲ್ಲಿ ಕೇಳದೆ ಯಾರ ಸ್ವೆಟರನ್ನೂ ತೊಳೆಯಬೇಡಿ!

ತುಂಡುಗಳನ್ನು ಸೇರಿಸಿ ಅಂಚಿನ ಸುತ್ತ ಹತ್ತಿರ ಹತ್ತಿರ ಹೊಲಿಗೆ ಹಾಕಿ. ಎರಡು ಬೆರಳು ಹೋಗುವಷ್ಟು ಜಾಗ ಬಿಟ್ಟು, ಅಲ್ಲಿಂದ ಒಳಗೆ ತುಂಬಿ, ಆಮೇಲೆ ಮುಚ್ಚಿ. ಸೊಂಡಿಲು ಮತ್ತು ಕಾಲುಗಳಿಗೆ ಮೊದಲು ತುಂಬಬೇಕು, ಪೆನ್ಸಿಲಿನ ಹಿಂಬದಿಯಿಂದ ಒತ್ತಿದರೆ ತುದಿಯವರೆಗೆ ಹೋಗುತ್ತದೆ. ಪಿನ್ ಕುಶನ್ ಆದರೆ ಉಣ್ಣೆಯ ದಾರದ ತುಂಡುಗಳನ್ನು ತುಂಬುವುದು ಒಳ್ಳೆಯದು. ಉಣ್ಣೆಯಲ್ಲಿ ಉಳಿದಿರುವ ಜಿಡ್ಡು ಸೂಜಿಗೆ ಬೇಗ ತುಕ್ಕು ಹಿಡಿಯದಂತೆ ನೋಡಿಕೊಳ್ಳುತ್ತದೆ. ಹೊಲಿಗೆ ಮಾಡುವ ಅಮ್ಮಿಗೋ ಖಾಲಾಗೋ ಇದಕ್ಕಿಂತ ಉಪಯೋಗದ ಉಡುಗೊರೆ ಇಲ್ಲ. ಚಿಕ್ಕ ಮಕ್ಕಳಿಗೆ ಕೊಡುವುದಾದರೆ ಪಿನ್ ಬೇಡ, ಕಣ್ಣಿಗೆ ಮಣಿಯೂ ಬೇಡ. ಕಪ್ಪು ದಾರದಲ್ಲಿ ನಾಲ್ಕು ಹೊಲಿಗೆ ಹಾಕಿದರೆ ಅದೇ ಕಣ್ಣು.

ಮೊದಲನೆಯ ಆನೆ ಸ್ವಲ್ಪ ಹಂದಿಯ ಹಾಗೆ ಕಾಣಬಹುದು. ನನ್ನದು ಹಾಗೆಯೇ ಕಂಡಿತು. ಅದನ್ನು ನೀವೇ ಇಟ್ಟುಕೊಳ್ಳಿ. ಹೊಲಿಗೆ ಬಿಚ್ಚಿ ಇನ್ನೊಂದು ಮಾಡಿ. ಕೊಡುವುದು ಎರಡನೆಯದೋ ಮೂರನೆಯದೋ ಆಗಲಿ.